ಸೂಜಿ ಅಕ್ಕನ ಎರಡನೇ ಟ್ಯೂಬು

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ಶ್ವಾಸಕೋಶದ ವಾರ್ಡಿನಲ್ಲಿ ಇನ್ನೂ ದೊಡ್ಡ ದೀಪ ಹಾಕಿಲ್ಲ. ಒಂದು ಹಾಸಿಗೆಯಲ್ಲಿ ಕೆಮ್ಮು ನಿಂತರೆ ಇನ್ನೊಂದರಲ್ಲಿ ಶುರುವಾಗುತ್ತದೆ. ಅದರ ನಡುವೆ ತಳ್ಳುಗಾಡಿಯೊಂದು ಕಿರುಗುಟ್ಟುತ್ತಾ ಬರುತ್ತದೆ. ಎಷ್ಟು ಎಣ್ಣೆ ಹಾಕಿದರೂ ಅದರ ಒಂದು ಚಕ್ರಕ್ಕೆ ಬುದ್ಧಿ ಬಂದಿಲ್ಲ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅರ್ಧ ವಾರ್ಡು ಗಾಢ ನಿದ್ದೆಯ ನಾಟಕ ಶುರು ಮಾಡುತ್ತದೆ.

"ಕಣ್ಣು ಮುಚ್ಕೊಂಡ್ರೆ ನರ ಮಾಯ ಆಗಲ್ಲ ಅಜ್ಜ. ಎಡಗೈ ಕೊಡಿ," ಎನ್ನುತ್ತಾರೆ ಗಾಡಿಯ ಒಡತಿ.

ಅಜ್ಜ ಒಂದು ಕಣ್ಣು ತೆರೆಯುತ್ತಾರೆ. "ನಿನ್ನೆ ತಾನೇ ತಗೊಂಡ್ಯಲ್ಲಮ್ಮ, ಅದೆಲ್ಲ ಖರ್ಚಾಯ್ತಾ?"

"ಖರ್ಚಾಯ್ತು. ಮೆಷಿನ್ನಿಗೆ ನಿಮ್ಮ ರಕ್ತ ಅಂದ್ರೆ ಬಲು ಇಷ್ಟವಂತೆ."

ಅಜ್ಜ ನಗುವಷ್ಟರಲ್ಲಿ ಸೂಜಿ ಒಳಗೆ ಹೋಗಿ, ಟ್ಯೂಬು ತುಂಬಿ, ಹತ್ತಿಯ ಉಂಡೆಯೂ ಕೂತಾಗಿದೆ. ಇಡೀ ಆಸ್ಪತ್ರೆಗೆ ಇವರು 'ಸೂಜಿ ಅಕ್ಕ'. ಹಾಜರಿ ಪುಸ್ತಕದಲ್ಲಿರುವ ಹೆಸರು ಯಾರಿಗೂ ನೆನಪಿಲ್ಲ, ಅವರಿಗೂ ಅದರ ಬಗ್ಗೆ ತಕರಾರಿಲ್ಲ.

ವೈರಸ್ ಜ್ವರದ ಕಾಲದಲ್ಲಿ ಈ ಮಹಡಿಯೊಂದರಲ್ಲೇ ದಿನಕ್ಕೆ ನಲವತ್ತು, ಐವತ್ತು ಕೈಗಳು. ಒಂದೊಂದು ಕೈಗೆ ಮೂರು ಟ್ಯೂಬು. ಎಂಟು ಗಂಟೆಗೆ ಡಾಕ್ಟರು ಬರುವಷ್ಟರಲ್ಲಿ ಫಲಿತಾಂಶ ಅವರ ಕೈಯಲ್ಲಿರಬೇಕು. ಅದರಲ್ಲಿ ಅವರು ಮೊದಲು ಹುಡುಕುವುದು ಉರಿಯೂತದ ಅಂಕಿಯನ್ನು. ವೈರಸ್ಸಿನ ಜತೆ ಕಾದಾಡುವ ಭರದಲ್ಲಿ ದೇಹ ತನ್ನ ಮೇಲೆಯೇ ಎಷ್ಟು ಬೆಂಕಿ ಹಚ್ಚಿಕೊಂಡಿದೆ ಎಂಬುದರ ಸುಳಿವು ಅದು. ಅಂಕಿ ಏರುತ್ತಿದ್ದರೆ ಎದೆ ಇನ್ನಷ್ಟು ಕೆಡಬಹುದೆಂಬ ಭಯ. ಇಳಿಯುತ್ತಿದ್ದರೆ ಮನೆಯ ದಾರಿ ಹತ್ತಿರವಾದಂತೆ.

ಮೂರನೇ ಟ್ಯೂಬು ವಿಟಮಿನ್ನಿನದು. ಬಿಸಿಲಿನಿಂದ ಮೈಗೆ ದಕ್ಕುವ ಡಿ ವಿಟಮಿನ್ ಕಡಿಮೆ ಇದ್ದವರಿಗೆ ಈ ಜ್ವರ ಜೋರಾಗಿ ಬಡಿಯುತ್ತದೆಯೇ ಎಂದು ವಾರ್ಡಿನ ಹಿರಿಯ ಡಾಕ್ಟರು ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದಾರೆ. ರೋಗಿಗಳಿಗೆ ಅಷ್ಟು ತಾಳ್ಮೆಯಿಲ್ಲ. ಮಾತ್ರೆ ನುಂಗಿದ್ದರೆ ಈ ಗತಿ ಬರುತ್ತಿರಲಿಲ್ಲವೇ ಎಂದು ಸೂಜಿ ಅಕ್ಕನನ್ನೇ ಕೇಳುತ್ತಾರೆ.

"ನಾನೇನು ಡಾಕ್ಟ್ರಾ? ಆದ್ರೂ ಅವರು ಹೇಳಿದ್ದನ್ನ ನನಗೆ ತಿಳಿದ ಹಾಗೆ ಹೇಳ್ತೀನಿ," ಎನ್ನುತ್ತಾರೆ ಅಕ್ಕ. "ಮನೆಗೆ ಬೆಂಕಿ ಬಿದ್ದಿದೆ, ನೀರಿನ ತೊಟ್ಟಿ ಖಾಲಿ ಇದೆ. ತೊಟ್ಟಿ ಮೊದಲೇ ಖಾಲಿ ಇದ್ದಿದ್ದಕ್ಕೆ ಬೆಂಕಿ ಹಬ್ಬಿತಾ, ಬೆಂಕಿ ಆರಿಸೋಕೆ ಹೋಗಿ ತೊಟ್ಟಿ ಖಾಲಿ ಆಯ್ತಾ? ಅದೇ ಅವರಿಗೂ ಇನ್ನೂ ಬಗೆಹರಿದಿಲ್ಲ. ಔಷಧಿ ಅಂಗಡಿಯವನಿಗೆ ಮಾತ್ರ ಎಲ್ಲಾ ಬಗೆಹರಿದಿದೆ, ಡಬ್ಬಿಗಟ್ಟಲೆ ಮಾರ್ತಾನೆ."

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕೆಂದು ಡಾಕ್ಟರು ಸಿಬ್ಬಂದಿಯದನ್ನೂ ತೆಗೆಸಿದ್ದರು. ಎಲ್ಲರಿಗಿಂತ ಕಡಿಮೆ ವಿಟಮಿನ್ ಬಂದದ್ದು ಸೂಜಿ ಅಕ್ಕನಿಗೆ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ ಇರಬೇಕು. ಸೂರ್ಯ ಏಳುವ ಮೊದಲೇ ಆಸ್ಪತ್ರೆ ಸೇರಿ, ಕಿಟಕಿಯೇ ಇಲ್ಲದ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ದಿನ ಕಳೆಯುವವರ ಮೈಗೆ ಬಿಸಿಲು ಎಲ್ಲಿಂದ ಬರಬೇಕು? ಡಾಕ್ಟರು ಮಾತ್ರೆ ಬರೆದು, ರಜಾದಿನ ಬಿಸಿಲಲ್ಲಿ ಕೂರಲು ಹೇಳಿದರು. ಮನೆಯಲ್ಲಿ ಅದನ್ನು ಜಾರಿಗೆ ತರುವ ಹೊಣೆ ಅತ್ತೆಯದು.

"ನಮ್ಮತ್ತೆ ನನ್ನ ಹೊರಗೆ ಹಾಕಿ ಚಿಲಕ ಹಾಕ್ಕೋತಾರೆ," ಎಂದು ಅಕ್ಕ ನಗುತ್ತಾರೆ. "ಬೀದಿಯವರೆಲ್ಲ ಅತ್ತೆ ಸೊಸೆಗೆ ಜಗಳ ಅಂದ್ಕೊಂಡಿದ್ದಾರೆ. ಒಳಗಿಂದ ಕೂಗ್ತಾರೆ, 'ಇನ್ನೂ ಆರು ನಿಮಿಷ ಇದೆ, ನೆರಳಿಗೆ ಸರೀಬೇಡ' ಅಂತ."

ಅಕ್ಕ ಈ ಆಸ್ಪತ್ರೆಗೆ ಬಂದದ್ದು ಇಪ್ಪತ್ತೆರಡರ ವಯಸ್ಸಿನಲ್ಲಿ, ನೆಲ ಒರೆಸುವ ಕೆಲಸಕ್ಕೆ. ಕೈಗೆ ಸೂಜಿ ಚುಚ್ಚುವಾಗ ಅಳುವ ಮಕ್ಕಳನ್ನು ಹಿಡಿದುಕೊಳ್ಳಲು ನರ್ಸಮ್ಮಂದಿರು ಕರೆಯುತ್ತಿದ್ದರು. ಯಾವ ಕೈಯಲ್ಲಿ ನರ ಎಲ್ಲಿ ಅಡಗಿದೆ ಎಂದು ಇವರ ಬೆರಳಿಗೆ ಗೊತ್ತಾಗುತ್ತದೆಂದು ಪತ್ತೆಹಚ್ಚಿದವರೂ ಅವರೇ. ಬೆಳಿಗ್ಗೆ ನೆಲ ಒರೆಸಿ, ಮಧ್ಯಾಹ್ನ ತರಗತಿಯಲ್ಲಿ ಕೂತು ಅಕ್ಕ ತರಬೇತಿ ಮುಗಿಸಿದರು. ಮುದ್ರಣಾಲಯದಲ್ಲಿ ಕೆಲಸ ಮಾಡುವ ಗಂಡ ಮನೆಯ ಅಡುಗೆ ವಹಿಸಿಕೊಂಡರು. ಹದಿನೇಳು ವರ್ಷವಾದರೂ ಅವರಿಗೆ ಉಪ್ಪಿನ ಅಂದಾಜು ಸಿಕ್ಕಿಲ್ಲವಂತೆ.

ಇಷ್ಟು ಹೇಳಿ ಮುಗಿಸಿದ್ದರೆ ಇದು ಒಳ್ಳೆಯ ಕೆಲಸಗಾರ್ತಿಯೊಬ್ಬರ ಕಥೆಯಾಗುತ್ತಿತ್ತು. ಆದರೆ ತಮ್ಮ ಕೆಟ್ಟ ದಿನದ ಕಥೆಯನ್ನೂ ಬರೆಯಲೇಬೇಕೆಂದು ಅಕ್ಕ ಹಟ ಹಿಡಿದಿದ್ದಾರೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ. ಹದಿನಾಲ್ಕನೇ ಹಾಸಿಗೆಯಲ್ಲಿ ಬಸ್ಸು ಓಡಿಸುವ ಒಬ್ಬರು. ಬಲಗೈಗೆ ಗ್ಲೂಕೋಸ್ ಹನಿ ಇಳಿಯುತ್ತಿದೆ, ಎಡಗೈ ಊದಿಕೊಂಡು ಬೆರಳಿಗೆ ಒಂದು ನರವೂ ಸಿಗುತ್ತಿಲ್ಲ. ಅಕ್ಕನಿಗೆ ಇನ್ನೂ ಹತ್ತೊಂಬತ್ತು ಹಾಸಿಗೆ ಬಾಕಿ. ಹನಿ ಇಳಿಯುವ ಕೈಯಿಂದ ರಕ್ತ ತೆಗೆಯಬಾರದು. ಹನಿಯ ನೀರು ಬೆರೆತು ಎಲ್ಲ ಅಂಕಿಯೂ ಸುಳ್ಳಾಗುತ್ತದೆ. ಇದು ಈ ಕಸುಬಿನ ಮೊದಲ ಪಾಠ. ಆ ದಿನ ಅಕ್ಕ ಆ ಕೈಯಿಂದಲೇ ತೆಗೆದರು.

ಹಿಂದಿನ ದಿನ ನೂರ ನಲವತ್ತಿದ್ದ ಉರಿಯೂತದ ಅಂಕಿ ಅರವತ್ತೆರಡಕ್ಕೆ ಇಳಿದಿತ್ತು. ಡಾಕ್ಟರಿಗೆ ಖುಷಿ. ಆಮ್ಲಜನಕ ತೆಗೆದು ಸಂಜೆ ಮನೆಗೆ ಕಳಿಸಿ ಎಂದರು. ಡ್ರೈವರರ ಹೆಂಡತಿ ಚೀಲ ತುಂಬತೊಡಗಿದರು.

ನೆಲಮಾಳಿಗೆಯಲ್ಲಿ ಕೈ ತೊಳೆಯುತ್ತಿದ್ದ ಅಕ್ಕನಿಗೆ ಸುದ್ದಿ ಸಿಕ್ಕಿತು. ಓಡಿಹೋಗಿ ಸ್ಟ್ಯಾಂಡಿನಿಂದ ಆ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದರು. ಅಕ್ಕಪಕ್ಕದ ಟ್ಯೂಬುಗಳ ಮುಂದೆ ಅದರ ರಕ್ತ ತೆಳ್ಳಗಿತ್ತು.

"ನೋಡಿದ ಕೂಡ್ಲೇ ಗೊತ್ತಾಯ್ತು, ಹನಿಯ ನೀರು ಬೆರೆತಿದೆ ಅಂತ," ಎನ್ನುತ್ತಾರೆ ಅಕ್ಕ. "ಮುಂದಿನ ವಾರ ನನ್ನ ಗುತ್ತಿಗೆ ಮುಗೀತಿತ್ತು. ಟ್ಯೂಬಿನ ಚೀಟಿ ಅದಲು ಬದಲು ಮಾಡಿದ್ದಕ್ಕೆ ಜತೆಯವಳೊಬ್ಬಳನ್ನ ಆ ತಿಂಗಳೇ ಕಳಿಸಿದ್ರು. ಸುಳ್ಳು ಯಾಕೆ ಹೇಳ್ಲಿ, ಬಾಯಿ ಮುಚ್ಕೊಂಡಿರೋಣ ಅಂತ ಒಂದು ಕ್ಷಣ ಅನ್ನಿಸ್ತು. ಆ ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ, ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಆಮೇಲೆ ಅವರ ಹೆಂಡತಿ ನೆನಪಾದ್ರು. ಬೆಳಿಗ್ಗೆ ನಾನು ಸೂಜಿ ಹಾಕುವಾಗ ಗಂಡನ ಕಾಲು ಒತ್ತುತ್ತಾ ಕೂತಿದ್ರು."

ಲಿಫ್ಟು ಎಂದಿನಂತೆ ಕೆಟ್ಟಿತ್ತು. ಮೆಟ್ಟಿಲು ಹತ್ತಿದ ಅಕ್ಕ, ಎಲ್ಲರೆದುರು ಡಾಕ್ಟರಿಗೆ ಹೇಳಿದರು: "ಆ ಅಂಕಿ ಸುಳ್ಳು ಸಾರ್. ಹನಿ ಹೋಗ್ತಿದ್ದ ಕೈಯಿಂದ ತೆಗೆದೆ. ತಪ್ಪು ನನ್ನದು."

ಹನಿ ನಿಲ್ಲಿಸಿ, ಎಡಗೈಯನ್ನು ಬಿಸಿಬಟ್ಟೆಯಲ್ಲಿ ಸುತ್ತಿ, ಹದಿನೈದು ನಿಮಿಷ ಕಾದು, ಮಣಿಕಟ್ಟಿನ ಹತ್ತಿರ ಸಿಕ್ಕ ಸಣ್ಣ ನರದಿಂದ ಎರಡನೇ ಟ್ಯೂಬು ತುಂಬಿಸಿದರು. ಈ ಸಲ ಅಂಕಿ ನೂರ ಎಪ್ಪತ್ತೊಂದು. ಬೆಂಕಿ ಇಳಿದಿರಲಿಲ್ಲ, ಏರಿತ್ತು. ತುಂಬಿದ ಚೀಲ ಮತ್ತೆ ಬಿಚ್ಚಿಕೊಂಡಿತು. ಮನೆ ಸೇರಬೇಕಿದ್ದ ಆ ಸಂಜೆಯೇ ಡ್ರೈವರರಿಗೆ ಉಸಿರು ಕಟ್ಟಿತು. ವಾರ್ಡಿನಲ್ಲೇ ಇದ್ದುದರಿಂದ ಬದುಕಿಕೊಂಡರು. ಹನ್ನೊಂದು ದಿನದ ಮೇಲೆ ನಡೆದುಕೊಂಡೇ ಮನೆಗೆ ಹೋದರು.

ಅಕ್ಕನಿಗೆ ಸಿಕ್ಕಿದ್ದು ಒಂದು ನೋಟಿಸು. ವರ್ಷಕ್ಕೊಮ್ಮೆ ಆಗುತ್ತಿದ್ದ ಗುತ್ತಿಗೆ ಮೂರು ತಿಂಗಳಿಗೊಮ್ಮೆ ಆಯಿತು, ಇವತ್ತಿಗೂ ಹಾಗೇ ಇದೆ. ನಿಜ ಹೇಳಿದವರಿಗೆ ಇದೆಂಥ ಬಹುಮಾನ ಎಂದು ಕೇಳುವವರಿಗೆ ಸಿಟ್ಟು ಬರುತ್ತದೆ, ಅಕ್ಕನಿಗಲ್ಲ. ನೋಟಿಸನ್ನು ಅವರು ತಮ್ಮ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿಕೊಂಡಿದ್ದಾರೆ. ಮರುದಿನದಿಂದ ಹನಿ ಇರುವ ಪ್ರತಿ ಕೈಗೂ ಕೆಂಪು ಬಟ್ಟೆಯ ಪಟ್ಟಿ ಕಟ್ಟತೊಡಗಿದರು. ಅತ್ತೆ ಹಳೆಯ ರವಿಕೆ ಹರಿದು ಕೊಟ್ಟದ್ದು ಅದು. ಈಗ ಇಡೀ ಆಸ್ಪತ್ರೆಯಲ್ಲಿ ಕೆಂಪು ಪಟ್ಟಿ ಕಂಡರೆ ಆ ಕೈಗೆ ಯಾರೂ ಸೂಜಿ ತಾಗಿಸುವುದಿಲ್ಲ.

ಏನು ಆಸೆ ಎಂದು ಕೇಳಿದರೆ, "ಒಂದು ವರ್ಷದ ಗುತ್ತಿಗೆ ಕಾಗದ ಮತ್ತೆ ಕೊಟ್ರೆ ಸಾಕು," ಎಂದು ನೆಲಮಾಳಿಗೆಯಲ್ಲಿ ಕೂತು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾರೆ.

ಅಷ್ಟರಲ್ಲಿ ಮೂರನೇ ಮಹಡಿಯ ನರ್ಸಮ್ಮ ಏದುಸಿರು ಬಿಡುತ್ತಾ ಇಳಿದು ಬರುತ್ತಾರೆ. ಬೆಳಗಿನ ಅಜ್ಜನ ಅಂಕಿ ಒಂದೇ ದಿನಕ್ಕೆ ಅರ್ಧಕ್ಕೆ ಇಳಿದಿದೆಯಂತೆ. ಹೊಸದಾಗಿ ಬಂದ ಕಿರಿಯ ಡಾಕ್ಟರಿಗೆ ಅನುಮಾನ, ಮತ್ತೊಮ್ಮೆ ತೆಗೆಸೋಣ ಎಂದಿದ್ದಾರೆ. ಅಕ್ಕ ಆಗಲೇ ಸೂಜಿಯ ಡಬ್ಬಿಗೆ ಕೈ ಹಾಕಿದ್ದಾರೆ.

"ಬೇಡ, ಕೂತ್ಕೊಳ್ಳಿ," ಎನ್ನುತ್ತಾರೆ ನರ್ಸಮ್ಮ. "ದೊಡ್ಡ ಡಾಕ್ಟ್ರು ಕೇಳಿದ್ರು, ತೆಗೆದಿದ್ದು ಯಾರು ಅಂತ. ಸೂಜಿ ಅಕ್ಕ ಅಂದೆ. 'ಹಾಗಾದ್ರೆ ಅಜ್ಜನ್ನ ಮನೆಗೆ ಕಳಿಸಿ. ತಪ್ಪಾಗಿದ್ದಿದ್ರೆ ಅವರೇ ಇಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಿರ್ತಿದ್ರು' ಅಂದ್ರು."

ಅಕ್ಕ ತಲೆ ಎತ್ತುವುದಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಟ್ಯೂಬಿಗೆ ಅಂಟಿಸಿ, ಅದರ ಅಂಚನ್ನು ಹೆಬ್ಬೆರಳಿನಿಂದ ಎರಡೆರಡು ಸಲ ಒತ್ತುತ್ತಾರೆ.

"ಏನಂದ್ರು ಅಂದ್ರಿ?" ಎನ್ನುತ್ತಾರೆ. "ಇನ್ನೊಂದ್ಸಲ ಹೇಳಿ."