ದಿಲಶಾದಬಿ ಎರೆದ ನೀರು

ಕಿರ್, ಕಿರ್ ಎಂದು ಗಾಲಿಯ ಸದ್ದು ಹೆರಿಗೆ ವಾರ್ಡಿನ ತುದಿಯಿಂದ ಕೇಳಿಸಿದರೆ ಬಾಣಂತಿಯರು ಬಾಗಿಲ ಕಡೆ ಹೊರಳುತ್ತಾರೆ. ಒಗೆದ ಬಟ್ಟೆಗಳ ಗಾಡಿ ತಳ್ಳಿಕೊಂಡು ದಿಲಶಾದಬಿ ಬಂದಳೆಂದು ಅರ್ಥ. ಗದಗಿನ ಈ ಆಸ್ಪತ್ರೆಯಲ್ಲಿ ಅವಳು ಆಯಾ. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಪಾತ್ರೆಗಳಿಗೆ ಕಲಾಯಿ ಹಾಕುವವರ ಮನೆಯಲ್ಲಿ, ಕೊಟ್ಟದ್ದು ಬೆಟಗೇರಿಗೆ. ಗಂಡ ಬುಡ್ಡೇಸಾಬ ಟಂಟಂ ಆಟೋ ಓಡಿಸುತ್ತಾನೆ.

ಕೂಸನ್ನು ಮುಟ್ಟುವ ಮೊದಲು ಎರಡೂ ಅಂಗೈ ತಿಕ್ಕಿ, ಬೆಚ್ಚಗಾದವೇ ಎಂದು ತನ್ನ ಗಲ್ಲಕ್ಕೆ ಒತ್ತಿ ನೋಡಿಕೊಳ್ಳುವುದು ಅವಳ ರೂಢಿ. ಕೆಲಸ ಮುಗಿಸಿ ಹೊರಡುವಾಗ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಆ ದಿನ ಉಳಿದ ಜೀವಗಳಿಗಾಗಿ ದೇವರಿಗೆ ‘ಶುಕರ್’ ಅನ್ನುತ್ತಾಳೆ. ಉಳಿಯದ ಜೀವಗಳ ಬಗ್ಗೆ ಏನೂ ಅನ್ನುವುದಿಲ್ಲ. ಜೀವ ಉಳಿಯದ ಸಂಜೆ ಮನೆಯಲ್ಲಿ ಬುಡ್ಡೇಸಾಬನೇ ಚಹಾ ಕಾಸುತ್ತಾನೆ.

ಅವತ್ತು ಬೆಳಗ್ಗೆ ಗಾಡಿ ಇನ್ನೂ ಅರ್ಧ ದಾರಿಯಲ್ಲಿತ್ತು. ನರ್ಸ್ ಅನ್ನಪೂರ್ಣ ಎದುರಾದಳು.

“ಹೊರಗ ಬೇವಿನ ಗಿಡದ ಕೆಳಗ ನಿನಗ ಕಾಯಾಕತ್ತಾರ. ಮುಂಡರಗಿ ಸಲೋಮಿ, ಅಕಿ ಅತ್ತಿ. ಜೋಡಿ ಒಬ್ಬರು ಫಾದರ್ರೂ ಅದಾರ.”

ದಿಲಶಾದಬಿ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ಯಾಕೆ ಬಂದಿದ್ದಾರೆಂದು ಅವಳಿಗೆ ಗೊತ್ತಿತ್ತು.

ಮಳೆಗಾಲದ ಒಂದು ಮಧ್ಯಾಹ್ನ ಸಲೋಮಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೆಣ್ಣು ಕೂಸು. ಗಾಜಿನ ಪೆಟ್ಟಿಗೆಯಲ್ಲಿ ಅದರ ಎದೆ ಹಕ್ಕಿಯ ಗಂಟಲಿನ ಹಾಗೆ ಮಿಡಿಯುತ್ತಿತ್ತು. ಭರವಸೆ ಇಡಬೇಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಸಲೋಮಿಯ ಗಂಡ ರಕ್ತ ತರಲು ಓಡಿದ್ದ, ಅತ್ತೆ ಅಮೃತವ್ವ ಮುಂಡರಗಿಯಿಂದ ಬರುವ ಬಸ್ಸಿನಲ್ಲಿದ್ದಳು. ಅವರ ಚರ್ಚಿನ ಫಾದರ್ ಇನಾಸ್ ಬಲಿಪೂಜೆಗೆಂದು ಶಿರಹಟ್ಟಿ ಕಡೆ ಹೋಗಿದ್ದರು, ಫೋನು ಹತ್ತುತ್ತಿರಲಿಲ್ಲ. ಹೊಟ್ಟೆಯ ಹೊಲಿಗೆಯಿಂದಾಗಿ ಏಳಲಾಗದ ಸಲೋಮಿ ದಿಲಶಾದಬಿಯ ಮಣಿಕಟ್ಟು ಹಿಡಿದುಕೊಂಡಳು.

“ಯಕ್ಕಾ, ನನ್ನ ಕೂಸಿಗೆ ನೀರು ಹಾಕು. ದೀಕ್ಷಾಸ್ನಾನ ಆಗದ ಅದು ಹೋಗಬಾರದು.”

“ನಾ ಸಾಬರಾಕಿ ಅದೀನವ್ವಾ.”

“ಜೀವ ಹೋಗೋ ಹೊತ್ತಿನ್ಯಾಗ ಯಾರರ ಕೊಡಬಹುದು. ಚರ್ಚಿನ್ಯಾಗ ನಮಗ ಕಲಿಸ್ಯಾರ. ನಿನ್ನ ಬಿಟ್ರ ಈಗ ನನಗ್ಯಾರದಾರ?”

ದಿಲಶಾದಬಿ ಸಲೋಮಿಯ ಬಾಯಿಂದ ದೀಕ್ಷಾಸ್ನಾನದ ಮಾತುಗಳನ್ನು ಕೇಳಿ, ತಪ್ಪದ ಹಾಗೆ ಹೇಳಿ ತೋರಿಸಿದಳು. “ಹೆಸರೇನವ್ವಾ ಕೂಸಿಂದು?” ಎಂದಾಗ ಸಲೋಮಿ ಗೋಡೆಗೆ ಮುಖ ಮಾಡಿದಳು. “ಇನ್ನೂ ಇಟ್ಟಿಲ್ಲ. ನೀನ ಒಂದ ಕರಿ.” ಅನ್ನಪೂರ್ಣ ಕಾಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಕೊಟ್ಟಳು. ದಿಲಶಾದಬಿ ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿದಳು.

ಕೂಸು ಆ ದಿನ ದಾಟಿತು. ಮರುದಿನವೂ ದಾಟಿತು. ದೀಪಾವಳಿಯ ಹೊತ್ತಿಗೆ ಗಲ್ಲ ತುಂಬಿಕೊಂಡು ಮನೆಗೆ ಹೋಯಿತು.

ಈಗ ಅಮೃತವ್ವ ಬರುವ ಭಾನುವಾರಕ್ಕೆ ದೀಕ್ಷಾಸ್ನಾನ ಗೊತ್ತುಮಾಡಿ ಬೀಗರಿಗೆಲ್ಲ ಹೇಳಿಬಿಟ್ಟಿದ್ದಳು. ಆಮೇಲಷ್ಟೇ ಸಲೋಮಿ ಬಾಯಿಬಿಟ್ಟದ್ದು: ಅದು ಆಸ್ಪತ್ರೆಯಲ್ಲೇ ಆಗಿದೆ, ಆಯಾ ಕೊಟ್ಟಿದ್ದಾಳೆ.

ಬೇವಿನ ಕಟ್ಟೆಯ ಮೇಲೆ ಕೂತಿದ್ದ ಫಾದರ್ ಇನಾಸ್ ಜಾಗ ಬಿಟ್ಟು ಸರಿದರು. “ಬರ್ರಿ, ಕುಂಡ್ರಿ.”

ದಿಲಶಾದಬಿ ಕೂರಲಿಲ್ಲ. “ನಾ ಏನರ ತಪ್ಪ ಮಾಡೀನೇನ್ರಿ?”

“ತಪ್ಪಿನ ಮಾತಲ್ಲ. ಅವತ್ತ ಏನ ಮಾಡಿದ್ರಿ ಅನ್ನೋದಷ್ಟ ಬೇಕು. ಒಮ್ಮೆ ಖರೇನ ಆಗಿದ್ರ ಇನ್ನೊಮ್ಮೆ ಕೊಡಾಕ ಬರೂದಿಲ್ಲ. ಹುಟ್ಟಿದಾಕಿ ಮತ್ತ ಹುಟ್ಟಾಕ ಹೆಂಗ ಆಗ್ತದ?”

“ಬರೂದಿಲ್ಲಂದ್ರ?” ಅಮೃತವ್ವ ಸೆರಗು ಬಿಗಿದಳು. “ಫಾದರ್, ಇಕಿ ಒಳ್ಳೆಯಾಕಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇಕಿಗೇ ಆಗದಿದ್ದ ದೀಕ್ಷಾಸ್ನಾನ ಇಕಿ ಕೈಲೆ ನನ್ನ ಮೊಮ್ಮಗಳಿಗೆ ಹೆಂಗ ಆಗ್ತೇತ್ರಿ? ಭಾನುವಾರ ನೀವ ನೀರ ಹಾಕ್ರಿ, ಆತು.”

ಸಲೋಮಿ ಕೂಸನ್ನು ಎದೆಗೊತ್ತಿಕೊಂಡಳು. “ಅತ್ತಿ, ಬ್ಯಾಡ. ಅಕಿ ಕೊಟ್ಟದ್ದನ್ನ ಅಳಸಬ್ಯಾಡ್ರಿ.”

ಫಾದರ್ ದಿಲಶಾದಬಿಯ ಕಡೆ ತಿರುಗಿದರು. “ನೀರು ಬರೇ ಹಚ್ಚಿದ್ರೋ, ಹರೀತೋ?”

“ಹತ್ತಿ ಹಿಂಡಿದೆರಿ. ಹಣಿ ಮ್ಯಾಲಿಂದ ಇಳದು ಕಿವಿಗುಂಟ ಹೋತು. ಥಂಡಿ ಆಗಬಾರದಂತ ಕಿವಿ ಹಿಂದ ನಾನ ಒರಸಿದೆ.”

“ಏನಂತ ಹೇಳಿದ್ರಿ?”

ಅವಳು ಕಣ್ಣು ಮುಚ್ಚಿದಳು. “ಮುನ್ನಿ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ.”

“ಮುನ್ನಿ? ಪುಟ್ಟಿ ಅಂದಂಗಾತು!” ಅಮೃತವ್ವ ಹೌಹಾರಿದಳು. “ನಾನು ತೆರೇಸಾ ಅಂತ ಇಡಬೇಕಂತಿದ್ದೆ. ಮುನ್ನಿ ಅನ್ನೋ ಸಂತಳು ಯಾವ ಲೋಕದಾಗ ಅದಾಳ?”

“ಇಲ್ಲಿತನಕ ಇಲ್ಲ,” ಎಂದರು ಫಾದರ್. “ಇನ್ನ ಮುಂದ ಆಗಬಾರದಂತೇನಿಲ್ಲ. ತೆರೇಸಾನೂ ಜೋಡಿ ಇರಲಿ, ಯಾರ ಬ್ಯಾಡ ಅಂದ್ರು?” ಆಮೇಲೆ ದನಿ ತಗ್ಗಿಸಿ ಕೇಳಿದರು, “ದಿಲಶಾದಬಿ, ಆವಾಗ ನಿಮ್ಮ ಮನಸ್ಸಿನ್ಯಾಗ ಏನಿತ್ತು?”

ಬೈಗುಳಕ್ಕೆ ತಾನು ಹೆದರಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಅವತ್ತು ತಾನು ಕೊಟ್ಟದ್ದು ಆಗೇ ಇಲ್ಲ ಅಂದುಬಿಟ್ಟಾರು, ಅದಕ್ಕೇ ಅವಳು ಹೆದರಿದ್ದಳು.

“ಈ ತಾಯಿ ಏನ ಬೇಡಿದ್ಲೋ ಅದು ಆಗ್ಲಿ ಅಂತ ಮಾಡಿದೆರಿ. ನಿಮ್ಮ ಮಂದ್ಯಾಗ ಹೆಂಗ ಮಾಡ್ತಾರೋ ಹಂಗ. ಹೆಸರೊಂದ ಬಿಟ್ರ ನಂದು ಅಂತ ಏನೂ ಸೇರಿಸಿಲ್ಲ.”

ಫಾದರ್ ಎದ್ದು ನಿಂತರು. “ಸಾಕು. ಧರ್ಮಸಭೆ ಕೇಳೋದು ಇಷ್ಟ. ಅಮೃತವ್ವಾ, ಕೂಸಿಗೆ ದೀಕ್ಷಾಸ್ನಾನ ಆಗೇತಿ. ಕೈ ನಂದಿರಲಿ, ಇವರದಿರಲಿ, ಕೊಟ್ಟಾವ ಕ್ರಿಸ್ತ. ನನ್ನ ಕೈ ಏನ ಇದಕ್ಕಿಂತ ಪವಿತ್ರ ಅಂತ ತಿಳದೀಯೇನು? ನಾ ಸಿಟ್ಟಿನಾಂವ ಅಂತ ಓಣಿ ತುಂಬ ಹೇಳ್ಕೋತ ಅಡ್ಯಾಡಾಕಿ ನೀನ.”

“ಇದ್ದದ್ದ ಹೇಳೀನಿ,” ಎಂದಳು ಅಮೃತವ್ವ. ಆದರೆ ಆ ಮಾತಿನಲ್ಲಿ ಜಗಳ ಉಳಿದಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತಳು.

“ನನ್ನ ಚೊಚ್ಚಲ ಕೂಸು ಹಿಂಗ ಆಗಿತ್ತು. ಗದಗಿನಿಂದ ಫಾದರ್ ಬರೋದ್ರೊಳಗ ಹೋತು. ಮನಿ ತುಂಬ ಮಂದಿ ಇದ್ರು, ಕೊಡದ ತುಂಬ ನೀರಿತ್ತು. ಫಾದರ್ರ ಮಾಡಬೇಕಂತ ಎಲ್ಲಾರೂ ಬಾಗಲಾ ನೋಡ್ಕೋತ ಕುಂತಿವಿ. ಅದಕ್ಕ ಹೇಳಿದೆರಿ, ಈ ಕೂಸಿಂದು ಒಂದಿಷ್ಟೂ ಕಡಿಮಿ ಬೀಳಬಾರದಂತ.”

ಫಾದರ್ ಅವಳ ಪಕ್ಕದಲ್ಲಿ ಕೂತರು. “ದೇವರು ನಮಗ ಸಂಸ್ಕಾರ ಕೊಟ್ಟಾನ ಖರೆ. ತನ್ನ ಕೈ ತಾನ ಕಟ್ಟಿಕೊಂಡಿಲ್ಲ. ನಿನ್ನ ಚೊಚ್ಚಲನ್ನ ಅವನ ಕೈಗೆ ಬಿಟ್ಟೀವಿ, ಅವನು ಬಿಡೂದಿಲ್ಲ ಅಂತ ನಂಬೋಣು.”

ಅಮೃತವ್ವ ಮುಖ ಒರೆಸಿಕೊಂಡು ಸಲೋಮಿಯ ತೊಡೆಯಿಂದ ಕೂಸನ್ನೆತ್ತಿದಳು. ದಿಲಶಾದಬಿಯ ಮುಂದೆ ಬಂದು ಅವಳ ತೋಳಿಗೆ ಹಾಕಿದಳು. ಕೂಸು ಅವಳ ಬಳೆ ಹಿಡಿದು ಬಾಯಿಗೆ ಎಳೆದುಕೊಂಡಿತು.

“ಅವತ್ತ ನೀ ಹೂಂ ಅಂದಿ. ನಮ್ಮ ಮಂದಿಗೆ ಆಗದ್ದು ನಿನಗ ಆತು,” ಎಂದಳು ಅಮೃತವ್ವ. “ಫಾದರ್, ಜ್ಞಾನತಾಯಿನೂ ಇಕೀನ ಆಗ್ಲಿ.”

“ಅದು ಆಗೂದಿಲ್ಲ. ಜ್ಞಾನತಾಯಿ ಅಂದ್ರ ನಮ್ಮ ನಂಬಿಕ್ಯಾಗ ಕೂಸನ್ನ ಬೆಳಸಾಕಿ. ಇವರ ನಂಬಿಕಿ ಇವರದು. ಅದರಾಗ ಇವರನ್ನ ಎಳೀಬಾರದು.”

“ನನಗೂ ಅದು ಬ್ಯಾಡ್ರಿ,” ದಿಲಶಾದಬಿ ನಕ್ಕಳು. “ನಮ್ಮ ನಮಾಜು ನನಗೈತಿ.”

“ಹಂಗಾದ್ರ ಚರ್ಚಿನ ಬಾಗಲದಾಗಿಂದ ಕೂಸನ್ನ ಹೊತ್ಕೊಂಡು ಬರೋದು? ಅದಕ್ಕೂ ಕಾನೂನು ಐತೇನ್ರಿ?” ಅಮೃತವ್ವ ಪಟ್ಟು ಬಿಡಲಿಲ್ಲ.

“ಅದಕ್ಕಿಲ್ಲ. ಬರ್ರಿ ದಿಲಶಾದಬಿ. ನೀರು ಒಂದ ಬಿಟ್ಟು ಉಳಿದದ್ದೆಲ್ಲಾ ಮಾಡ್ತೀವಿ. ಎಣ್ಣಿ ಹಚ್ಚೋದು, ಬಿಳಿ ಬಟ್ಟಿ ಹೊದಿಸೋದು, ಮೇಣಬತ್ತಿ ಹಚ್ಚೋದು. ಕೂಸು ಉಳೀತಲ್ಲ, ಬಲಿಪೂಜಿ ಅಂದ್ರ ಅದಕ್ಕ ದೇವರಿಗೆ ಉಪಕಾರ ಹೇಳೋದ.”

“ಭಾನುವಾರ ಡ್ಯೂಟಿ ಐತ್ರಿ.”

“ಬದಲಿ ಹಾಕ್ಕೋ,” ಎಂದಳು ಅಮೃತವ್ವ. “ಇಷ್ಟ ಮಾಡಿದಾಕಿಗೆ ಅದೇನ ದೊಡ್ಡದು?”

ಬಾಗಿಲಲ್ಲಿ ಅನ್ನಪೂರ್ಣ ಕಾಣಿಸಿದಳು. “ದಿಲಶಾದಬಿ, ಹೆರಿಗಿ ಖೋಲಿಗೆ ಜಲ್ದಿ ಬಾ. ಹರ್ತಿ ಊರಿನಾಕಿಗೆ ಬ್ಯಾನಿ ಜೋರಾಗ್ಯಾವ.”

ದಿಲಶಾದಬಿ ಕೂಸಿನ ಹಣೆಗೆ ಮುತ್ತಿಟ್ಟು ಸಲೋಮಿಯ ಕೈಗೆ ಕೊಟ್ಟು ಹೊರಟಳು.

“ತಡಿ, ಮಾತು ಮುಗದಿಲ್ಲ,” ಅಮೃತವ್ವ ಅವಳ ಬೆನ್ನಿಗೆ ಕೂಗಿದಳು. “ಮುಂಡರಗ್ಯಾಗ ಬಸ್ ಇಳದು ಅಲ್ಲೇ ನಿಂದ್ರು, ಕರಿಯಾಕ ನಾನ ಬರ್ತೀನಿ. ನಾಷ್ಟಾ ಮಾಡ್ಕೊಂಡು ಬರಬ್ಯಾಡ, ಗೋದಿ ಹುಗ್ಗಿ ಮಾಡ್ತೀವಿ. ನಿಮ್ಮ ಮನಿಯವರಿಗೂ ಹೇಳು, ನಾ ಕರದೀನಂತ...”

ದಿಲಶಾದಬಿ ಆಗಲೇ ಒಳಗೆ ಹೋಗಿದ್ದಳು.