ಉಡಚಪ್ಪನ ಪಾಟಿಯ ಮೂರನೆಯ ಸಾಲು

ಇಲ್ಲಿ ಬರೆದಿರುವುದೆಲ್ಲ ನಿಜ. ಒಂದು ಮಾತು ಸುಳ್ಳಾದರೂ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಸಿಗದೆ ಹೋಗಲಿ. ರೇಷನ್ನಿನಲ್ಲಿ ಈಗಲೂ ಸಿಗುತ್ತಿಲ್ಲ, ಅದು ಬೇರೆ ಮಾತು. ಆಣೆ ಸಾಲದೆಂದರೆ ಒಬ್ಬ ಸಾಕ್ಷಿಯೂ ಇದ್ದಾರೆ. ಯಾರ ಬಗ್ಗೆ ಬರೆದಿದ್ದೇನೋ ಅವರೇ. “ಪೇಪರಿಗೆ ಕೊಡೂಕಿಂತ ಮೊದಲ ನನಗ ಓದಿ ಹೇಳ್ರಿ. ಸುಳ್ಳ ಬಂತಂದ್ರ ನಾ ಎದ್ದ ಹೋಗಾಂವ” ಎಂದು ಮೊದಲೇ ಕರಾರು ಹಾಕಿದ್ದಾರೆ. ಹೀಗಾಗಿ ಸಾವಿರದ ಒಂಬೈನೂರಾ ಅರವತ್ತೈದನೆಯ ಇಸವಿ ಜುಲೈ ಒಂದರ ಈ ಮುಂಜಾನೆ ಅವರೆದುರು ನಿಂತು ಇದನ್ನು ಓದುತ್ತಿದ್ದೇನೆ. ಇಲ್ಲಿಯವರೆಗೆ ಅವರು ಎದ್ದಿಲ್ಲ.

ಹೆಸರು ಉಡಚಪ್ಪ. ಮನೆ ಗೋಪನಕೊಪ್ಪದಲ್ಲಿ. ಕೆಲಸ ದೇಶಪಾಂಡೆ ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಹದಿನೇಳು ವರ್ಷದ ಜವಾನಿಕೆ. ಯಾವ ಕಚೇರಿಯೆಂದು ಕೇಳಬೇಡಿ. ಮುಂದೆ ಓದಿದರೆ, ಯಾಕೆ ಹೇಳುತ್ತಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಬೆಳಗಿನ ಆರು ಗಂಟೆ. ಎದುರಿನ ಬೇವಿನ ಮರದಲ್ಲಿ ಕಾಗೆಗಳು ಆಗಷ್ಟೇ ಕಚೇರಿ ತೆರೆದಿವೆ. ಉಡಚಪ್ಪ ಕೀಲಿ ತೆಗೆದು ಒಳಗೆ ಬರುತ್ತಾರೆ, ಕಸ ಹೊಡೆಯುತ್ತಾರೆ, ಮಸಿಕುಡಿಕೆಗಳಿಗೆ ಮಸಿ ತುಂಬುತ್ತಾರೆ, ನಾಲ್ಕು ಕೊಡ ನೀರು ತರುತ್ತಾರೆ. ಆಮೇಲೆ ಕುರ್ಚಿಗಳನ್ನು ಒರೆಸುತ್ತಾರೆ. ಕುರ್ಚಿ ಹನ್ನೆರಡು, ಕ್ಲಾರ್ಕರು ಹನ್ನೊಂದು. ಹನ್ನೆರಡನೆಯದರಲ್ಲಿ ಕೂಡುತ್ತಿದ್ದವರು ನಿವೃತ್ತರಾಗಿ ವರ್ಷವಾಯಿತು. ಯಾರೂ ಕೂಡದ ಆ ಕುರ್ಚಿಯನ್ನೇ ಉಡಚಪ್ಪ ಎರಡು ಸಲ ಒರೆಸುತ್ತಾರೆ. ಯಾಕೆಂದು ಕೇಳಿದರೆ, “ಕೂಡವ್ರಿಲ್ಲದ ಕುರ್ಚಿಗೆ ಧೂಳ ಭಾಳ ಬೀಳತೈತ್ರಿ” ಎನ್ನುತ್ತಾರೆ. ಅವರ ಸ್ವಂತ ಆಸನ ಬಾಗಿಲ ಪಕ್ಕದ ಸ್ಟೂಲು. ಸ್ಟೂಲಿಗೆ ಬೆನ್ನಿಲ್ಲ. ಹದಿನೇಳು ವರ್ಷಗಳಿಂದ ಅವರು ತಮ್ಮ ಬೆನ್ನನ್ನು ತಾವೇ ಹೊತ್ತಿದ್ದಾರೆ.

ಇಷ್ಟಾದ ಮೇಲೆ ಕಿಟಕಿಯ ಹಿಂದಿನಿಂದ ಒಂದು ಪಾಟಿ ಹೊರಗೆ ಬರುತ್ತದೆ, ಮಕ್ಕಳ ಸಾಲಿಯ ಪಾಟಿ. ಅದರ ಮೇಲೆ ದಿನಕ್ಕೊಂದು ಇಂಗ್ಲಿಷ್ ಶಬ್ದ. ಮೊದಲನೆಯ ಸಾಲಿನಲ್ಲಿ ಶಬ್ದ, ಎರಡನೆಯದರಲ್ಲಿ ಅದರ ಅರ್ಥ, ಮೂರನೆಯದರಲ್ಲಿ ಆ ಶಬ್ದ ಹಾಕಿ ಮಾಡಿದ ಒಂದು ವಾಕ್ಯ. ಮೂರೂ ಸಾಲು ತುಂಬಿದರೆ ಗಟ್ಟಿಯಾಗಿ ಮೂರು ಸಲ ಓದಿ, ವಹಿಯಲ್ಲಿ ಇಳಿಸಿಕೊಂಡು, ಪಾಟಿ ಒರೆಸುತ್ತಾರೆ. ನಾಲ್ಕು ವರ್ಷದಲ್ಲಿ ಹೀಗೆ ಆರುನೂರಾ ಹದಿಮೂರು ಶಬ್ದಗಳಾಗಿವೆ.

ಇದೆಲ್ಲ ಯಾತಕ್ಕೆಂದರೆ, ಮುಲ್ಕಿ, ಎಂದರೆ ಏಳನೆಯ ತರಗತಿ, ಪಾಸಾದ ಜವಾನರು ಇಂಗ್ಲಿಷ್ ಶಬ್ದಗಳ ಬಾಯಿಪರೀಕ್ಷೆಯಲ್ಲಿ ಪಾಸಾದರೆ ಕ್ಲಾರ್ಕ್ ಆಗಬಹುದು. ಆದರೆ ನಲವತ್ತು ತುಂಬುವುದರೊಳಗೆ. ಉಡಚಪ್ಪನವರಿಗೆ ನಲವತ್ತು ತುಂಬುವುದು ಇದೇ ಜುಲೈ ಹತ್ತಕ್ಕೆ. ಪರೀಕ್ಷೆ ನಡೆದದ್ದು ಜೂನ್ ಮೊದಲ ವಾರದಲ್ಲಿ. ಅದು ತಪ್ಪಿದರೆ ಮುಂದೆ ಇಪ್ಪತ್ತು ವರ್ಷ ಸ್ಟೂಲೇ ಗತಿ.

ಪುಸ್ತಕ ಸಿಕ್ಕದ್ದು ರದ್ದಿ ಅಂಗಡಿಯ ಗೌಸಮೊದ್ದೀನನ ಹತ್ತಿರ. ಅದಕ್ಕೆ ರಟ್ಟೂ ಇರಲಿಲ್ಲ, ಹೆಸರೂ ಇರಲಿಲ್ಲ. “ಎ, ಬಿ, ಸಿ ಶೇಂಗಾ ಕಟ್ಟಾಕ ಹೋದ್ವು ಕಾಕಾ. ಡೀದಿಂದ ಮುಂದಿಂದು ಪೂರಾ ಐತಿ, ಬೇಕಾದ್ರ ಒಯ್ರಿ” ಎಂದನಂತೆ. ಹೀಗಾಗಿ ಉಡಚಪ್ಪನವರ ಇಂಗ್ಲಿಷ್ ಭಾಷೆ ಡಿ ಅಕ್ಷರದಿಂದ ಪ್ರಾರಂಭವಾಗುತ್ತದೆ.

ಶಬ್ದ ಪಾಠ ಮಾಡುವುದು ಏನು ಕಷ್ಟ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕಷ್ಟ ಇದ್ದದ್ದು ಮೂರನೆಯ ಸಾಲಿನಲ್ಲಿ. ಎಂಟೊಂಬತ್ತು ವರ್ಷದ ಹಿಂದೆ ಉಡಚಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವರು.

“ಐದು ವಚನಾ ಕೊಟ್ಟ ಬಂದೇನ್ರಿ. ನಾಕು ಹಗುರ. ಸುಳ್ಳ ಹೇಳೂದಿಲ್ಲ ಅನ್ನೂದೊಂದು ಭಾರ ಐತ್ರಿ. ಪುಸ್ತಕದಾಗ ಡಾಂಕಿ ಶಬ್ದಕ್ಕ ಬರದಾರ, ನಮ್ಮ ಬಾಗಲದಾಗ ಒಂದು ಕತ್ತಿ ನಿಂತೈತಿ ಅಂತ. ನಮ್ಮ ಬಾಗಲದಾಗ ಎಲ್ಲೈತ್ರಿ ಕತ್ತಿ? ನಾ ಹ್ಯಾಂಗ ಅಂತ ಅನ್ಲಿ?”

“ಅದು ಉದಾಹರಣೆ ಅಲ್ರಿ, ಉಡಚಪ್ಪನವರ?” ಎಂದೆ ನಾನು.

“ಉದಾಹರಣಿ ಅಂದ್ರ ಸುಳ್ಳ ಹೇಳಾಕ ಪರವಾನಗಿ ಏನ್ರಿ?”

ಇಡೀ ಜೀವಮಾನ ನಾನು ಉದಾಹರಣೆಗಳ ಮೇಲೆಯೇ ಬದುಕಿದವನು.

ಹೀಗಾಗಿ ಉಡಚಪ್ಪ ವಾಕ್ಯವನ್ನು ಮೊದಲು ನಿಜ ಮಾಡುತ್ತಾರೆ, ಆಮೇಲೆ ಹೇಳುತ್ತಾರೆ. ಡಾಂಕಿ ಶಬ್ದ ಬಂದಾಗ ಅಗಸರ ಓಣಿಯಿಂದ ಒಂದು ಕತ್ತೆಯನ್ನು ಕೈಕಾಲು ಹಿಡಿದು ಕರೆತಂದು ಬಾಗಿಲಲ್ಲಿ ನಿಲ್ಲಿಸಿದರು. ವಾಕ್ಯ ಮೂರು ಸಲ ಓದಿ ಕತ್ತೆಯನ್ನು ವಾಪಸು ಕಳಿಸಿದರು. ಆದರೆ ಕತ್ತೆಗೆ ಆ ವಾಕ್ಯ ಮನಸ್ಸಿಗೆ ಬಂದಿತ್ತು. ಮರುದಿನ ಅದೇ ಹೊತ್ತಿಗೆ ತಾನೇ ಬಂದು ನಿಂತಿತು. ಒಂದು ತಿಂಗಳ ಕಾಲ ಹೀಗೆಯೇ...

ಇಲ್ಲಿ ಉಡಚಪ್ಪ ಸ್ಟೂಲಿನಿಂದ ಅರ್ಧ ಎದ್ದಿದ್ದಾರೆ. “ತಿಂಗಳಲ್ರಿ, ಹನ್ನೆರಡ ದಿನ.”

ಹನ್ನೆರಡು ದಿನ ಎಂದು ತಿದ್ದಿದ್ದೇನೆ. ಕೂತಿದ್ದಾರೆ.

ಎಲಿಫಂಟ್ ಶಬ್ದಕ್ಕೆ ಏಳು ವಾರ ಹಿಡಿಯಿತು. ‘ಇಂದು ಬೆಳಿಗ್ಗೆ ನಾನು ಆನೆಯನ್ನು ನೋಡಿದೆನು’ ಎಂದು ಪುಸ್ತಕದ ವಾಕ್ಯ. ಗೋಪನಕೊಪ್ಪದಲ್ಲಿ ಆನೆ ಎಲ್ಲಿಂದ ಬರಬೇಕು? ಪಾಟಿಯ ಮೂರನೆಯ ಸಾಲು ಏಳು ವಾರ ಖಾಲಿ ಉಳಿಯಿತು. ಕಡೆಗೆ ಊರಿಗೆ ಒಂದು ಸರ್ಕಸ್ ಬಂತು. ಕಚೇರಿ ಬಿಟ್ಟ ಮೇಲೆ ಉಡಚಪ್ಪ ಓಡಿಹೋಗಿ ಆನೆಯನ್ನು ಕಣ್ತುಂಬ ನೋಡಿದರು. ಮನೆಗೆ ಬಂದ ಮೇಲೆ ತಿಳಿಯಿತು, ನೋಡಿದ್ದು ಸಂಜೆ. ಮರುದಿನ ಬೆಳಿಗ್ಗೆ ಮತ್ತೆ ಹೋದರು.

ಸೀ, ಎಂದರೆ ಸಮುದ್ರದ ಕಥೆಯನ್ನು ಹೆಡ್ ಕ್ಲಾರ್ಕ್ ಚನ್ನಯ್ಯನವರ ಬಾಯಿಂದಲೇ ಕೇಳಬೇಕು. “ಎರಡ ದಿನದ ರಜಾ ಅರ್ಜಿ ಕೊಟ್ಟಾನ್ರಿ. ಕಾರಣ ಏನಂತ ಬರದಾನ ಗೊತ್ತೇನು? ಸಮುದ್ರದ ನೀರು ಉಪ್ಪೈತೋ ಇಲ್ಲೋ ನೋಡೂದೈತಿ ಅಂತ! ಕಾರವಾರಕ್ಕ ಹೋಗಿ, ಒಂದ ಬೊಗಸಿ ಕುಡದು, ವಾಂತಿ ಮಾಡ್ಕೊಂಡು ಬಂದ. ರಜಾ ಯಾಕ ಮಂಜೂರ ಮಾಡಿದ್ರಿ ಅಂತೀರೇನು? ಉಳದವ್ರು ರಜಾ ಬೇಕಂದ್ರ ಅಜ್ಜಿನ್ನ ಸಾಯಸ್ತಾರ್ರಿ. ಒಬ್ಬಾಂವನ ಅಜ್ಜಿ ಈಗ ನಾಕ ಸಲ ಸತ್ತಾಳ. ನನ್ನ ಸರ್ವೀಸಿನ್ಯಾಗ ಖರೇ ಕಾರಣ ಬರದ ಅರ್ಜಿ ಅಂದ್ರ ಇದೊಂದ.”

ಮನೆಯಲ್ಲಿ ಇದರ ಭಾರವೆಲ್ಲ ಹೆಂಡತಿ ಸಾವಕ್ಕನ ಮೇಲೆ. ಜೋಳದ ಹಿಟ್ಟು ನಾದುತ್ತಲೇ ಹೇಳುತ್ತಾರೆ: “ನೋಡ್ರಿ ಯಣ್ಣಾ, ಗೆಸ್ಟ್ ಅನ್ನೂ ಶಬ್ದಾ ಬಂದ ದಿನ ಹಾದ್ಯಾಗ ಹೋಗವ್ನ್ನ ಯಾರನೋ ಊಟಕ್ಕ ಕರಕೊಂಡ ಬಂದ್ರು. ನಮ್ಮವ್ರ ವಾಕ್ಯಾ ಒಂದ ದಿನಕ್ಕ ಮುಗೀತು, ಅಂವಾ ಮೂರ ದಿನಾ ಮುಗೀಲಿಲ್ಲ. ಆಮ್ಯಾಲೆ ಕ್ವಾರೆಲ್ ಅನ್ನೂ ಶಬ್ದಕ್ಕ ಗಂಡ ಹೆಂಡ್ತಿ ಎಂದೂ ಜಗಳಾ ಆಡೂದಿಲ್ಲ ಅಂತೊಂದು ಬಂತು. ಅದನ್ನ ಬರಿಯಾಕ ಮಾತ್ರ ನಾ ಬಿಡಲಿಲ್ಲ. ಬರದ್ರ ಪಾಟಿ ಒಡೀತೇನಿ ಅಂದೆ.”

‘ಈ ಶಬ್ದದ ಸಲುವಾಗಿ ನಾವು ಜಗಳ ಆಡಿದೆವು’ ಎಂಬುದೇ ಕಡೆಗೆ ಆ ದಿನದ ಮೂರನೆಯ ಸಾಲಾಯಿತು. ಅದನ್ನು ಓದಿಸಿಕೊಂಡು ಕೇಳಿ ಸಾವಕ್ಕ ಒಪ್ಪಿದರಂತೆ.

ಇನ್ನು ಪರೀಕ್ಷೆಯ ಮಾತು. ಇಲ್ಲಿಂದ ಮುಂದೆ ನನ್ನ ತಲೆ ಸ್ವಲ್ಪ ಗೊಂದಲವಾಗಿದೆ. ಕಚೇರಿಯದು ಇನ್ನೂ ಹೆಚ್ಚು.

ಹಿಂದಿನ ದಿನ ಚನ್ನಯ್ಯನವರು ಉಡಚಪ್ಪನವರನ್ನು ಪಕ್ಕಕ್ಕೆ ಕರೆದು ಹೇಳಿದರು: “ಸಾಹೇಬರು ಎರಡ ಶಬ್ದ ಅಲ್ಲೊಂದ ಇಲ್ಲೊಂದ ಕೇಳ್ತಾರ. ಮೂರನೇದು ಪ್ರತಿ ವರ್ಷ ಒಂದ, ಕ್ಲಾರ್ಕ್. ಅರ್ಥ ಹೇಳು, ವಾಕ್ಯದಾಗ ಐ ಯಾಮ್ ಎ ಕ್ಲಾರ್ಕ್ ಅನ್ನು, ಮುಗೀತು. ನಾವ ಎಲ್ಲಾರೂ ಹಂಗ ಅಂದು ಪಾಸಾಗೇವಿ.”

“ನಾ ಕ್ಲಾರ್ಕ್ ಅಲ್ಲಲ್ರಿ, ಚನ್ನಯ್ನೋರ?”

“ಅಂದ್ರ ಆಗ್ತೀಯೋ ಮಾರಾಯಾ!”

“ಆದ್ರ ಅಂತೇನ್ರಿ.”

ಚನ್ನಯ್ಯನವರು ಹಣೆ ಬಡಿದುಕೊಂಡರು. ಮರುದಿನ ಸಾಹೇಬರ ಕೋಣೆಯಲ್ಲಿ ಮೊದಲನೆಯ ಶಬ್ದ ಎಲಿಫಂಟ್ ಬಂತು, ಎರಡನೆಯದು ಸೀ. ಉಡಚಪ್ಪ ಕಣ್ಣಾರೆ ಕಂಡ ಆನೆಯನ್ನೂ ಬಾಯಾರೆ ಕುಡಿದ ಸಮುದ್ರವನ್ನೂ ಹೇಳಿದರು. ಮೂರನೆಯದು ಕ್ಲಾರ್ಕ್. ಅದು ಶೇಂಗಾ ಕಟ್ಟಲು ಹೋದ ಹಾಳೆಯಲ್ಲಿತ್ತು. ಪುಸ್ತಕದ ಅರ್ಥ ಉಡಚಪ್ಪನವರಿಗೆ ಗೊತ್ತಿರಲಿಲ್ಲ. ಹದಿನೇಳು ವರ್ಷ ನೋಡಿದ್ದನ್ನೇ ಹೇಳಿದರು. ಅದರ ಕನ್ನಡ ಹೀಗೆ: ‘ಯಾರ ಕುರ್ಚಿಗೆ ಬೆನ್ನಿರುತ್ತದೋ ಅವನು ಕ್ಲಾರ್ಕ್.’

ಸಾಹೇಬರು ತಮ್ಮ ಕುರ್ಚಿಯ ಬೆನ್ನನ್ನು ಒಮ್ಮೆ ತಿರುಗಿ ನೋಡಿದರು. “ಹೂಂ. ವಾಕ್ಯ?”

“ಐ ಯಾಮ್ ನಾಟ್ ಎ ಕ್ಲಾರ್ಕ್.”

ಬಾಗಿಲಾಚೆ ನಿಂತಿದ್ದ ಚನ್ನಯ್ಯನವರು ಗೋಡೆ ಹಿಡಿದುಕೊಂಡರು.

“ಉಡಚಪ್ಪಾ, ಎಲ್ಲಾರೂ ಐ ಯಾಮ್ ಎ ಕ್ಲಾರ್ಕ್ ಅಂತಾರ. ನೀನೂ ಅನ್ನು” ಎಂದರು ಸಾಹೇಬರು. ಅವರು ಕೆಟ್ಟವರಲ್ಲ.

“ಈಗ ಅಂದ್ರ ಸುಳ್ಳಾಗತೈತ್ರಿ ಸಾಹೇಬ್ರ.”

“ಅನ್ನದಿದ್ರ ಪಾಸ್ ಮಾಡಾಕ ಬರೂದಿಲ್ಲ.”

“ಪಾಸ್ ಮಾಡದಿದ್ರ ಅನ್ನಾಕ ಬರೂದಿಲ್ರಿ.”

ಸಾಹೇಬರು ಚನ್ನಯ್ಯನವರನ್ನು ಒಳಗೆ ಕರೆದರು.

“ನಿಮ್ಮ ಪರೀಕ್ಷಾದಾಗ ನೀವೇನಂದಿದ್ರಿ?”

“ಐ ಯಾಮ್ ಎ ಕ್ಲಾರ್ಕ್ ಅಂದಿದ್ದೆ ಸರ್.”

“ಆವಾಗ ನೀವು ಕ್ಲಾರ್ಕ್ ಇದ್ರೇನು?”

“ಇಲ್ಲ ಸರ್. ಜವಾನ ಇದ್ದೆ.”

“ಹಂಗಾರ ನಿಮ್ಮ ಉತ್ತರ ತಪ್ಪಲ್ರೀ!”

ಚನ್ನಯ್ಯನವರ ಮುಖ ಸುಣ್ಣದಂತಾಯಿತು. ಸಂಜೆಯ ಹೊತ್ತಿಗೆ ಕಚೇರಿಯಲ್ಲೆಲ್ಲ ಸುದ್ದಿಯಾಯಿತು. ಆ ಕಚೇರಿಯಲ್ಲಿ ಹನ್ನೊಂದು ಮಂದಿಯೂ ಜವಾನಿಕೆಯಿಂದ ಮೇಲೆ ಬಂದವರೇ. ಹನ್ನೊಂದು ಮಂದಿಯೂ ಅದೇ ವಾಕ್ಯ ಹೇಳಿದವರೇ. ಉಡಚಪ್ಪನ ಉತ್ತರ ಸರಿಯಾದರೆ ಅವರದೆಲ್ಲ ತಪ್ಪು. ಅವರದು ಸರಿಯಾದರೆ, ಸರ್ಕಾರಿ ಕೋಣೆಯಲ್ಲಿ ಸುಳ್ಳು ಹೇಳಲಿಲ್ಲ ಎಂಬ ಕಾರಣಕ್ಕೆ ಒಬ್ಬ ನಪಾಸು ಎಂದು ಸಾಹೇಬರು ಕಾಗದದ ಮೇಲೆ ಬರೆಯಬೇಕು. ಅಂದಿನಿಂದ ಒಬ್ಬ ಕ್ಲಾರ್ಕನೂ ಕುರ್ಚಿಗೆ ಒರಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಬರೆದರು. ಸಾಹೇಬರು ತಲೆನೋವಿಗೆ ಮೂರು ದಿನ ರಜೆ ಹಾಕಿದರು. ಉಡಚಪ್ಪ ಒಬ್ಬರೇ ಎಂದಿನಂತೆ ಹನ್ನೆರಡು ಕುರ್ಚಿ ಒರೆಸಿ, ಪಾಟಿಯ ಮೇಲೆ ‘ಕ್ಲಾರ್ಕ್’ ಎಂದು ಬರೆದು, ಕೆಳಗೆ ತಮ್ಮ ಅರ್ಥ ಬರೆದು, ಮೂರನೆಯ ಸಾಲು ಖಾಲಿ ಬಿಟ್ಟು ಸ್ಟೂಲಿನ ಮೇಲೆ ಕೂತರು.

“ಅಂಜಿಕಿ ಆಗಲಿಲ್ಲೇನ್ರಿ?” ಎಂದು ಕೇಳಿದೆ.

“ಆತ್ರಿ. ನಲವತ್ತ ತುಂಬಾಕ ಬಂದೈತಿ. ಒಂದ ಸಣ್ಣ ಸುಳ್ಳಿಗಿ ಬೆನ್ನ ಸಿಗತಿತ್ತು. ರಾತ್ರಿ ಮಗ್ಗಲ ಹೊಳ್ಳಿ ಮಕ್ಕೊಂಡಾಗೊಮ್ಮೆ ಅನಸ್ತಿತ್ತು, ಅಂದಬಿಡಬೇಕಾಗಿತ್ತೇನೋ ಅಂತ. ಸಾವಕ್ಕನ ಅಂದ್ಲು, ಸಮುದ್ರ ಕುಡದ ಬಂದವ್ರು, ಇಷ್ಟಕ್ಯಾಕ ಅಂಜತೀರಿ ಅಂತ.”

ಸಾಹೇಬರು ನಾಲ್ಕನೆಯ ದಿನ ಬಂದು ಲೆಕ್ಕ ಹಾಕಿದರು. ಹನ್ನೊಂದು ಮಂದಿಯನ್ನು ಕೆಳಗಿಳಿಸುವುದಕ್ಕಿಂತ ಒಬ್ಬನನ್ನು ಮೇಲೇರಿಸುವುದು ಹಗುರ. ಪಾಸ್ ಎಂದು ಬರೆದರು. ಮುಂದಿನ ವರ್ಷದಿಂದ ಆ ಶಬ್ದವನ್ನು ಪರೀಕ್ಷೆಯಿಂದಲೇ ತೆಗೆದುಹಾಕಬೇಕೆಂದೂ ಬರೆದರು. ಜೂನ್ ಇಪ್ಪತ್ತಾರಕ್ಕೆ ಆರ್ಡರು ಕೈಗೆ ಬಂತು. ಹನ್ನೊಂದು ಮಂದಿಯೂ ಕುರ್ಚಿಗೆ ಒರಗಿದ ಸಪ್ಪಳ ರಸ್ತೆಗೆ ಕೇಳಿಸಿತಂತೆ.

ಇಲ್ಲಿ ಉಡಚಪ್ಪ ನನ್ನನ್ನು ದಿಟ್ಟಿಸಿ ನೋಡುತ್ತಿದ್ದಾರೆ. ‘ಪಡಸಾಲೆಗೆ ಕೇಳಿಸಿತು’ ಎಂದು ತಿದ್ದಿದ್ದೇನೆ.

“ಈಗರೆ ಒಮ್ಮೆ ಅನ್ನಪಾ, ಆ ವಾಕ್ಯಾ ನಮ್ಮ ಕಿವಿಗೂ ಬೀಳ್ಲಿ” ಎಂದರಂತೆ ಚನ್ನಯ್ಯನವರು. ಉಡಚಪ್ಪ ಆರ್ಡರನ್ನು ಬೆರಳಿಟ್ಟು ಓದಿ, “ಜುಲೈ ಒಂದರಿಂದ ಅಂತ ಬರದಾರಲ್ರಿ. ಒಂದನೇ ತಾರೀಖ ಬರ್ಲಿ” ಎಂದರು.

ಇಂದು ಒಂದನೆಯ ತಾರೀಖು. ಹೊಸ ಜವಾನ ಇನ್ನೂ ನೇಮಕವಾಗಿಲ್ಲ. ಹೀಗಾಗಿ ಕ್ಲಾರ್ಕ್ ಉಡಚಪ್ಪನವರೇ ಬೆಳಿಗ್ಗೆ ಆರಕ್ಕೆ ಬಂದು ಕಸ ಹೊಡೆದಿದ್ದಾರೆ. “ನೀರು ಯಾರರೆ ತುಂಬಬೇಕಲ್ರಿ” ಎಂದು ಕೊಡವನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಪೇಪರಿನಲ್ಲಿ ಏನಾದರೂ ಬರೆಯಬೇಕೇ ಎಂದು ಕೇಳಿದ್ದಕ್ಕೆ ಒಂದೇ ಒಂದು ಮಾತು ಹೇಳಿದರು: “ನಾಕ ವರ್ಷದ ಹಿಂದ ಗೌಸಮೊದ್ದೀನನ ಕಡೆ ಶೇಂಗಾ ಪುಡಕಿ ಒಯ್ದವ್ರು ಯಾರರೆ ಇದನ್ನ ಓದಿದ್ರ, ಆ ಹಾಳಿ ಇದ್ರ ತಂದ ಕೊಡ್ರಿ ಅಂತ ಬರೀರಿ. ಎ, ಬಿ, ಸಿ ಒಂದ ಉಳದೈತಿ.”

ಈಗ ಅವರು ಸ್ಟೂಲಿನಿಂದ ಎದ್ದಿದ್ದಾರೆ. ಗಾಬರಿಯಾಗಬೇಡಿ, ಸುಳ್ಳೇನೂ ಬಂದಿಲ್ಲ. ಪಾಟಿ ತೆಗೆದು ಮೂರನೆಯ ಸಾಲು ಬರೆಯುತ್ತಾರೆ. ಹನ್ನೆರಡನೆಯ ಕುರ್ಚಿಯನ್ನು ಇನ್ನೊಮ್ಮೆ ಒರೆಸಿ, ಕೂತು, ಮೆಲ್ಲಗೆ ಒರಗುತ್ತಾರೆ. ಕುರ್ಚಿ ಕಿರ್ ಎನ್ನುತ್ತದೆ. ಖಾಲಿ ಕಚೇರಿಗೆ ಗಟ್ಟಿಯಾಗಿ ಹೇಳುತ್ತಾರೆ: “ಐ ಯಾಮ್ ಎ ಕ್ಲಾರ್ಕ್.” ಮೂರು ಸಲ.

ಇಂಥ ಕಡೆ ಪುರವಣಿಯ ಬರಹವೊಂದು ಹೇಗೆ ಮುಗಿಯಬೇಕೆಂದು ನನಗೆ ಗೊತ್ತು. ಅದನ್ನು ನಿನ್ನೆಯೇ ಬರೆದಿಟ್ಟುಕೊಂಡಿದ್ದೇನೆ. ಧ್ವನಿ ಸ್ವಲ್ಪ ಇಳಿಸಿ ಓದುತ್ತೇನೆ: “ಆಗ ಅವರ ಕಣ್ಣಂಚಿನಲ್ಲಿ ಒಂದು ಹನಿ ಮೂಡಿತು...” ಉಡಚಪ್ಪ ತೋರುಬೆರಳಿನಿಂದ ಕಣ್ಣಂಚು ಮುಟ್ಟಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಬೆರಳು ಒದ್ದೆಯಾಗಿಲ್ಲ. “ಆ ಹನಿಯಲ್ಲಿ ಹದಿನೇಳು ವರ್ಷಗಳ...” ಎಂದು ನಾನು ಮುಂದುವರಿಸುವಷ್ಟರಲ್ಲಿ ಅವರು ಕುರ್ಚಿಯಿಂದ ಎದ್ದು, ಕೊಡ ಎತ್ತಿಕೊಂಡು, ಕರಾರಿನಂತೆ ನಳದ ಕಡೆಗೆ ಹೊರಟುಬಿಡುತ್ತಾರೆ.