ಬಿಜಿಗೆ ಹೋಗುವ ಬಸ್ಸು

ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಹೆಂಗಸನ್ನು ಅಲ್ಲಿನವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರರ ನಿಲುವಂಗಿ ಎಲ್ಲವೂ ಅವಳ ಕೈ ದಾಟಿಯೇ ಮಹಡಿ ಹತ್ತಬೇಕು. ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಹಾಗೆ ಹೇಳುವಷ್ಟು ಪುರಸೊತ್ತನ್ನು ಮಾತ್ರ ಹೇಗೋ ಮಾಡಿಕೊಳ್ಳುತ್ತಿದ್ದಳು. ಆದರೆ ‘ಬಿಜಿ’ ಎಂಬ ಮಾತು ಆ ಉಗಿ ತುಂಬಿದ ಕೋಣೆಯೊಳಗೆ ಇನ್ನೂ ಕಾಲಿಟ್ಟಿರಲಿಲ್ಲ.

ಅದನ್ನು ಅವಳ ಕಿವಿಗೆ ಹಾಕಿದವನು ತಮ್ಮ. ಅವನು ದರ್ಜಿ, ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಪ್ರತಿ ಭಾನುವಾರ ಅವಳ ಮನೆಗೆ ಊಟಕ್ಕೆ ಬರುತ್ತಿದ್ದವನು ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟ.

“ಎಲ್ಲಿದ್ದೀಯೋ?”

“ಬಿಜಿಯಲ್ಲಿದ್ದೀನಿ ಅಕ್ಕಾ.” ಅಷ್ಟೇ, ಫೋನು ಕಟ್.

ಜನ ಕಿಕ್ಕಿರಿದ ರಸ್ತೆಯೂ ಬಿಜಿ, ಯಾರೂ ಎತ್ತದ ಫೋನೂ ಬಿಜಿ, ಉಗುರು ಕಡಿಯುತ್ತ ಕೂತ ಸಾಹೇಬರೂ ಬಿಜಿ. ಇಂಗ್ಲಿಷಿನವರು ಕೊಟ್ಟ ಮಾತನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳಲು ನಾವೇನು ಅಷ್ಟು ಪಾಪದವರೇ? ಬಾಲಕ್ಕೆ ‘ಅಲ್ಲಿ’ ಅಂಟಿಸಿ ಅದನ್ನೊಂದು ಊರನ್ನೇ ಮಾಡಿಬಿಟ್ಟಿದ್ದೇವೆ. ಅಂಗಡಿಯಲ್ಲಿದ್ದೀನಿ, ಬಸ್ಸಿನಲ್ಲಿದ್ದೀನಿ, ಬಿಜಿಯಲ್ಲಿದ್ದೀನಿ. ಅಕ್ಕನದೇನು ತಪ್ಪು?

ತಿಂಗಳುಗಳು ಕಳೆದರೂ ಅವನು ಬಿಜಿಯಿಂದ ಹಿಂದಿರುಗಲಿಲ್ಲ. ಅಲ್ಲಿ ಯಾರೋ ಅವನನ್ನು ಬುಟ್ಟಿಗೆ ಹಾಕಿಕೊಂಡಿರಬೇಕು, ಇನ್ನು ಈ ಅಕ್ಕ ಯಾಕೆ ಬೇಕು ಎಂದುಕೊಂಡು ಸಂಕಟಪಟ್ಟಳು. ತನ್ನವನೆಂದು ಅವಳಿಗೆ ಇದ್ದವನು ಅವನೊಬ್ಬನೇ. ಕೊನೆಗೆ ರಜೆ ಹಾಕಿ ಬಸ್ ನಿಲ್ದಾಣಕ್ಕೆ ಹೋದಳು.

“ಬಿಜಿಗೆ ಒಂದು ಟಿಕೆಟ್ ಕೊಡಪ್ಪ.”

ಕಂಡಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಅಲ್ಲಿ ಯಾರಿದ್ದಾರಮ್ಮ?”

“ನನ್ನ ತಮ್ಮ. ಯಾವಾಗ ಕೇಳಿದ್ರೂ ಬಿಜಿಯಲ್ಲಿದ್ದೀನಿ ಅಂತಾನೆ.”

ಅವನು ನಗು ತಡೆಯಲಾರದೆ ಬಸ್ಸಿನ ಕಂಬಿ ಹಿಡಿದುಕೊಂಡ. “ಹೆಂಡತಿ ಫೋನ್ ಮಾಡಿದ್ರೆ ನಾನೂ ಅಲ್ಲೇ ಇರ್ತೀನಮ್ಮ. ಅದು ಊರಲ್ಲ, ಕೈತುಂಬ ಕೆಲಸ ಇದೆ ಅಂತ ಅರ್ಥ.”

ಅಕ್ಕನಿಗೆ ನಾಚಿಕೆಯಾಯಿತು. ಮರುಗಳಿಗೆಯೇ ಹಿಗ್ಗಿದಳು. ತಮ್ಮನಿಗೆ ಅಷ್ಟೊಂದು ಕೆಲಸವೇ! ಗುಂಡಿಯನ್ನಾದರೂ ಹಚ್ಚಿಕೊಡೋಣವೆಂದು ನೇರ ಅವನ ಅಂಗಡಿಗೆ ನಡೆದಳು.

ಬಾಗಿಲು ಅರ್ಧ ತೆರೆದಿತ್ತು. ಹೊಲಿಗೆ ಯಂತ್ರಕ್ಕೆ ಮುಸುಕು, ಮುಸುಕಿನ ಮೇಲೆ ಧೂಳು. ಗೂಟಗಳಲ್ಲಿ ಹೊಲಿದ ಬಟ್ಟೆ ಒಂದೂ ಇಲ್ಲ. ತಮ್ಮ ಕೊರಳಲ್ಲಿ ಟೇಪು ಹಾಕಿಕೊಂಡೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಟಮಟ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ. ಎದುರಿನ ರೆಡಿಮೇಡ್ ಅಂಗಡಿ ಮಾತ್ರ ಗಿಜಿಗುಡುತ್ತಿತ್ತು.

ಅಕ್ಕನ ಕೋಪ ನೆತ್ತಿಗೇರಿತು. ಕಿವಿ ಹಿಂಡಲು ಹೊರಟವಳು ತಡೆದುಕೊಂಡು, ಹೊಸ್ತಿಲಲ್ಲೇ ನಿಂತು ಅವನಿಗೆ ಫೋನು ಮಾಡಿದಳು. ಅವನು ದಡಬಡಿಸಿ ಎದ್ದು, ಬಾಗಿಲಿಗೆ ಬೆನ್ನು ಹಾಕಿಯೇ ಗಂಟಲು ಸರಿಮಾಡಿಕೊಂಡ.

“ಹೇಳಕ್ಕಾ, ಸ್ವಲ್ಪ ಬಿಜಿಯಲ್ಲಿದ್ದೀನಿ.”

“ಗೊತ್ತು. ನಾನೂ ಅಲ್ಲಿಗೇ ಬಂದಿದ್ದೀನಿ. ತಿರುಗಿ ನೋಡು.”

ತಿರುಗಿದವನ ಮುಖ ಬಿಳಿಚಿಕೊಂಡಿತು. ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನೆಲ ನೋಡುತ್ತ ನಿಂತ. “ಹೊಲಿಸೋರೇ ಇಲ್ಲ ಅಕ್ಕಾ. ಬರಿಗೈಲಿ ಬಂದು ನಿನ್ನ ಮನೇಲಿ ಹೇಗೆ ಉಣ್ಣಲಿ? ಕೆಲಸ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.”

ಅಕ್ಕನ ಕೋಪ ಎಲ್ಲಿ ಹೋಯಿತೋ, ಕಣ್ಣು ಮಂಜಾಯಿತು. ಇಷ್ಟು ದಿನ ತಾನು ಎಲ್ಲೂ ಇಲ್ಲದ ಊರಿಗೆ ಶಾಪ ಹಾಕುತ್ತ ಕೂತಿದ್ದಳು, ಇವನು ಇಲ್ಲೇ ಒಬ್ಬನೇ ಒಣಗುತ್ತಿದ್ದ.

“ಕೆಲಸ ಇಲ್ಲ ಅಂದ್ರೆ ಊಟಕ್ಕೆ ಬರೋಕೆ ಪುರಸೊತ್ತಿದೆ ಅಂತ ತಾನೇ ಕಣೋ ಕತ್ತೆ?” ಎಂದಳು. “ಚಪ್ಪಲಿ ಹಾಕ್ಕೋ.”